ಮುಂಭಾರ, ಹಿಂಭಾರ: ಟ್ರೇಲರ್ ಎಳೆಯುವ ಲಾರಿಯ ತೂಕದ ಲೆಕ್ಕ

ಯಲಹಂಕದಿಂದ ದೊಡ್ಡಬಳ್ಳಾಪುರದ ಕಡೆಗೆ ಹೋಗುವ ರಸ್ತೆಯ ಬಳಿ ನಮ್ಮ ಪುಟ್ಟೇನಹಳ್ಳಿ ಇದೆ. ಒಂದು ಕಡೆ ಹಕ್ಕಿಗಳು ಬಂದಿಳಿಯುವ ಕೆರೆ; ಇನ್ನೊಂದು ಕಡೆ ಹಗಲಿರುಳೆನ್ನದೆ ಸಾಗುವ ಲಾರಿಗಳ ಸಾಲು. ಇಲ್ಲಿಯ ನಮ್ಮ ನೆರೆಯವರೊಬ್ಬರು ಒಂದು ಚಿಕ್ಕ ಲಾರಿಯ ಮಾಲೀಕರು. ಮದುವೆ, ಜಾತ್ರೆ, ಸಭೆಗಳಿಗೆ ವಿದ್ಯುತ್ತನ್ನು ಒದಗಿಸುವುದು ಅವರ ಕಸಬು. ಎರಡು ಚಕ್ರದ ಟ್ರೇಲರೊಂದರ ಮೇಲೆ ಡೀಸೆಲ್ ಜನರೇಟರನ್ನು ಕೂರಿಸಿ, ಅದನ್ನು ಲಾರಿಯ ಹಿಂದಿನ ಕೊಂಡಿಗೆ ಸಿಕ್ಕಿಸಿ ಊರೂರಿಗೆ ಕೊಂಡೊಯ್ಯುತ್ತಾರೆ. ಕಳೆದ ಮಳೆಗಾಲದ ಒಂದು ಸಂಜೆ ಅವರು ಕೈಯಲ್ಲಿ ವೇಬ್ರಿಡ್ಜಿನ ಚೀಟಿಯನ್ನು ಹಿಡಿದು ನಮ್ಮ ಮನೆಗೆ ಬಂದರು.

"ಮೇಷ್ಟ್ರೇ, ತೂಕ ಮಿತಿಯೊಳಗೇ ಇದೆ, ನೋಡಿ. ಬ್ರೇಕು, ಟೈರು ಎಲ್ಲವನ್ನೂ ತೋರಿಸಿಯಾಯಿತು. ಆದರೂ ರಸ್ತೆ ಒದ್ದೆಯಾಗಿದ್ದಾಗ ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸಿದರೆ ಲಾರಿ ಒಂದಿಷ್ಟು ದೂರ ನೆಟ್ಟಗೇ ಹೋಗುತ್ತದೆ. ರಾತ್ರಿ ಹೊತ್ತು ಅದನ್ನು ಓಡಿಸುವವನು ನನ್ನ ಮಗ."

ತೂಕ ಮಿತಿಯೊಳಗಿದ್ದರೂ ವಾಹನವೇಕೆ ಮಾತು ಕೇಳುವುದಿಲ್ಲ? ಒಟ್ಟು ತೂಕವೆಷ್ಟು ಎಂಬುದು ಅರ್ಧ ಪ್ರಶ್ನೆ ಮಾತ್ರ. ಆ ತೂಕ ಯಾವ ಅಚ್ಚಿನ ಮೇಲೆ ಎಷ್ಟೆಷ್ಟು ಕುಳಿತಿದೆ ಎಂಬುದು ಉಳಿದ ಅರ್ಧ. ಚೀಟಿಯಲ್ಲಿದ್ದುದು ಮೊದಲನೆಯದು, ಅಪಾಯವಿದ್ದುದು ಎರಡನೆಯದರಲ್ಲಿ. ಈ ವಿಷಯವನ್ನು ಇಲ್ಲಿ ಸ್ವಲ್ಪ ವಿಚಾರಮಾಡೋಣ.

ಎತ್ತಿನ ಗಾಡಿಯ ಪಾಠ

ಎತ್ತಿನ ಗಾಡಿಯಲ್ಲಿ ಹುಲ್ಲನ್ನೋ ಮೂಟೆಗಳನ್ನೋ ಹೇರುವುದನ್ನು ವಾಚಕರಲ್ಲಿ ಹಲವರು ನೋಡಿರಬಹುದು. ಹೇರುವವನು ಆಗಾಗ್ಗೆ ಮುಂದಕ್ಕೆ ಬಂದು ಮೂಕಿಯನ್ನು ಕೈಯಿಂದ ಎತ್ತಿ ನೋಡುತ್ತಾನೆ. ಹೊರೆ ಹಿಂದಕ್ಕೆ ಹೆಚ್ಚಾದರೆ ಮೂಕಿ ತಾನಾಗಿ ಮೇಲಕ್ಕೇಳುತ್ತದೆ. ನೊಗವೂ ಎದ್ದು, ಎತ್ತುಗಳ ಕೊರಳಿಗೆ ಕಟ್ಟಿದ ಹಗ್ಗ ಬಿಗಿಯುತ್ತದೆ. ಇದು ಹಿಂಭಾರ. ಹೊರೆ ಮುಂದಕ್ಕೆ ಹೆಚ್ಚಾದರೆ ನೊಗ ಹೆಗಲನ್ನು ಒತ್ತಿ ಹುಣ್ಣುಮಾಡುತ್ತದೆ. ಇದು ಮುಂಭಾರ. ಇವೆರಡರ ನಡುವೆ, ನೊಗ ಹೆಗಲ ಮೇಲೆ ಹಗುರವಾಗಿ, ಆದರೆ ಬಿಡದೆ ಕುಳಿತಿರುವಂತೆ ಹೇರುವುದೇ ಕುಶಲತೆ. ಭೌತವಿಜ್ಞಾನದ ಒಂದಕ್ಷರವನ್ನೂ ಓದದ ರೈತ ಈ ಲೆಕ್ಕವನ್ನು ಕೈಯ ಅನುಭವದಿಂದಲೇ ಬಗೆಹರಿಸಿಕೊಂಡಿದ್ದಾನೆ.

ಗಾಡಿಯೆಂಬುದು ಒಂದು ಸನ್ನೆ. ಅಚ್ಚು ಅದರ ಆಧಾರಬಿಂದು. ಸನ್ನೆಯ ಮೇಲೆ ಒಂದು ಭಾರ ಉಂಟುಮಾಡುವ ತಿರುಗಿಸುವ ಪರಿಣಾಮವು ಭಾರವನ್ನೂ ಆಧಾರದಿಂದ ಅದಕ್ಕಿರುವ ದೂರವನ್ನೂ ಗುಣಿಸಿದರೆ ಸಿಗುತ್ತದೆ. ಹೇರಿದ ಪದಾರ್ಥವೆಲ್ಲವೂ ಒಂದೇ ಬಿಂದುವಿನಲ್ಲಿ ಸೇರಿದೆಯೆಂದು ಭಾವಿಸಬಹುದಾದ ಆ ಬಿಂದುವನ್ನು ಗುರುತ್ವಕೇಂದ್ರವೆನ್ನುವರು. ಇದು ಅಚ್ಚಿಗಿಂತ ಎಷ್ಟು ಮುಂದಿದೆಯೋ ಅದಕ್ಕೆ ತಕ್ಕಂತೆ ಮೂಕಿಯ ತುದಿ ಕೆಳಕ್ಕೆ ಒತ್ತುತ್ತದೆ. ಈ ಒತ್ತುವ ಭಾರವನ್ನು ನಾವು ಮೂಕಿಭಾರವೆಂದು ಕರೆಯೋಣ.

ಎರಡು ಚಕ್ರದ ಟ್ರೇಲರು ಇದೇ ಗಾಡಿ. ಎತ್ತುಗಳ ಬದಲು ಲಾರಿ, ನೊಗದ ಬದಲು ಕೊಂಡಿ. ಟ್ರೇಲರು ಹೊರೆಯೊಡನೆ 2,000 ಕಿಲೋಗ್ರಾಂ ತೂಗುವುದೆಂದೂ, ಅಚ್ಚಿನಿಂದ ಕೊಂಡಿಗೆ 3 ಮೀಟರ್ ದೂರವಿರುವುದೆಂದೂ ಇಟ್ಟುಕೊಳ್ಳೋಣ. ಗುರುತ್ವಕೇಂದ್ರವು ಅಚ್ಚಿನ ಮುಂದೆ 30 ಸೆಂಟಿಮೀಟರ್ ಇದ್ದರೆ ಮೂಕಿಭಾರ 200 ಕಿಲೋಗ್ರಾಂ. 90 ಸೆಂಟಿಮೀಟರ್ ಇದ್ದರೆ 600 ಕಿಲೋಗ್ರಾಂ. ಹೊರೆಯನ್ನು ಒಂದು ಮಾರಿನಷ್ಟೂ ಸರಿಸದೆ ಮೂಕಿಭಾರವನ್ನು ಮೂರುಪಟ್ಟು ಮಾಡಬಹುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಲಾರಿಯೂ ಒಂದು ಸನ್ನೆಯೇ

ಇನ್ನು ಕೊಂಡಿಯ ಈಚೆಗೆ ಬರೋಣ. ಲಾರಿಯ ಕೊಂಡಿ ಹಿಂದಿನ ಅಚ್ಚಿಗಿಂತಲೂ ಹಿಂದೆ ಇರುತ್ತದೆ. ಆದುದರಿಂದ ಅಲ್ಲಿ ಕೆಳಕ್ಕೆ ಒತ್ತಿದ ಭಾರಕ್ಕೆ ಹಿಂದಿನ ಅಚ್ಚೇ ಆಧಾರಬಿಂದುವಾಗಿ, ಲಾರಿಯ ಮೂತಿಯನ್ನು ಮೇಲಕ್ಕೆತ್ತುವ ಪ್ರವೃತ್ತಿ ಹುಟ್ಟುತ್ತದೆ. ಮಕ್ಕಳ ಏತದಾಟದ ಹಲಗೆಯಲ್ಲಿ ಒಂದು ತುದಿ ತಗ್ಗಿದರೆ ಇನ್ನೊಂದು ಏಳುವಂತೆಯೇ ಇದು.

ನಮ್ಮ ನೆರೆಯವರ ಲಾರಿಯ ಲೆಕ್ಕವನ್ನು ಸುಲಭವಾದ ಅಂಕಿಗಳಲ್ಲಿ ಕೊಡುತ್ತೇವೆ. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ 3 ಮೀಟರ್. ಹಿಂದಿನ ಅಚ್ಚಿನಿಂದ ಕೊಂಡಿಗೆ 1 ಮೀಟರ್. ಹೊರೆಯಿಲ್ಲದ ಲಾರಿ ಮುಂದೆ 1,500, ಹಿಂದೆ 1,500, ಒಟ್ಟು 3,000 ಕಿಲೋಗ್ರಾಂ. ಮೂಕಿಭಾರ 600 ಕಿಲೋಗ್ರಾಂ ಆದಾಗ ಮುಂದಿನ ಅಚ್ಚು 600ರ ಮೂರನೆಯ ಒಂದು ಪಾಲನ್ನು, ಎಂದರೆ 200 ಕಿಲೋಗ್ರಾಮನ್ನು, ಕಳೆದುಕೊಳ್ಳುತ್ತದೆ. ಹಿಂದಿನ ಅಚ್ಚು 600 ಅಲ್ಲ, 800 ಕಿಲೋಗ್ರಾಮನ್ನು ಹೊರಬೇಕಾಗುತ್ತದೆ. ಮುಂದೆ ಕಳೆದದ್ದೂ ಹಿಂದಕ್ಕೇ ಬಂದು ಸೇರುತ್ತದೆ.

ಇಷ್ಟೇ ಅಲ್ಲ. ತಂತಿಯ ಸುರುಳಿಗಳು, ದೀಪದ ಕಂಬಗಳು, ಉಪಕರಣದ ಪೆಟ್ಟಿಗೆ ಇವೆಲ್ಲ ಸೇರಿ 600 ಕಿಲೋಗ್ರಾಂ ಸಾಮಾನನ್ನು, ಇಳಿಸುವುದಕ್ಕೆ ಅನುಕೂಲವೆಂದು, ಲಾರಿಯ ಹಿಂಬಾಗಿಲ ಬಳಿಯೇ ಇಡುವುದು ವಾಡಿಕೆಯಾಗಿತ್ತು. ಆ ಸಾಮಾನು ಹಿಂದಿನ ಅಚ್ಚಿಗೆ ಅರ್ಧ ಮೀಟರ್ ಹಿಂದೆ ಕುಳಿತು ಮುಂದಿನ ಅಚ್ಚಿನಿಂದ ಇನ್ನೂ 100 ಕಿಲೋಗ್ರಾಮನ್ನು ಕಿತ್ತುಕೊಂಡಿತು. ಕೊನೆಗೆ ಮುಂದಿನ ಅಚ್ಚಿನ ಮೇಲೆ 1,200, ಹಿಂದಿನದರ ಮೇಲೆ 3,000, ಟ್ರೇಲರಿನ ಅಚ್ಚಿನ ಮೇಲೆ 1,400. ಒಟ್ಟು 5,600 ಕಿಲೋಗ್ರಾಂ. ಚೀಟಿ ಈ ಕೊನೆಯ ಅಂಕಿಯನ್ನು ಮಾತ್ರ ಹೇಳುತ್ತಿತ್ತು. ಹೊರೆ ಹೇರಿದ ಮೇಲೆ ಮುಂದಿನ ಚಕ್ರಗಳು ಹೊರೆಯಿಲ್ಲದಾಗಿದ್ದುದಕ್ಕಿಂತ ಐದರಲ್ಲೊಂದು ಪಾಲು ಹಗುರವಾಗಿದ್ದವೆಂಬುದನ್ನು ಅದು ಹೇಳುತ್ತಿರಲಿಲ್ಲ.

ಚಕ್ರ ರಸ್ತೆಯನ್ನು ಹಿಡಿದುಕೊಳ್ಳುವುದು ಘರ್ಷಣೆಯಿಂದ; ಘರ್ಷಣೆ ಹೆಚ್ಚುಕಡಮೆ ಚಕ್ರದ ಮೇಲಿನ ಭಾರವನ್ನು ಅನುಸರಿಸುತ್ತದೆ. ದಿಕ್ಕನ್ನು ಬದಲಿಸುವ ಕೆಲಸವೂ, ಬ್ರೇಕಿನ ಕೆಲಸದ ದೊಡ್ಡ ಪಾಲೂ ಮುಂದಿನ ಚಕ್ರಗಳದ್ದು. ಒಣರಸ್ತೆಯಲ್ಲಿ ಘರ್ಷಣೆ ಧಾರಾಳವಾಗಿರುವುದರಿಂದ ಕೊರತೆ ಕಾಣಿಸುವುದಿಲ್ಲ. ಮಳೆ ಬಂದು ಘರ್ಷಣೆ ಕಡಮೆಯಾದಾಗ ಮಾತ್ರ ಸಾಲ ಹೊರಬೀಳುತ್ತದೆ. ಸ್ಟಿಯರಿಂಗ್ ತಿರುಗಿದರೂ ಲಾರಿ ನೆಟ್ಟಗೆ ಹೋದದ್ದು ಇದರಿಂದಲೇ.

ಒಂದು ಕಿಲೋಗ್ರಾಮನ್ನೂ ಇಳಿಸದೆ

ಪರಿಹಾರಕ್ಕೆ ಹಣವೇನೂ ಬೇಕಾಗಲಿಲ್ಲ. ಹಿಂಬಾಗಿಲ ಬಳಿಯಿದ್ದ ಸಾಮಾನನ್ನು ಚಾಲಕನ ಕೋಣೆಯ ಬೆನ್ನಿಗೆ, ಹಿಂದಿನ ಅಚ್ಚಿಗೆ 1 ಮೀಟರ್ ಮುಂದಕ್ಕೆ, ಒಯ್ದು ಕಟ್ಟಿದೆವು. ಜನರೇಟರನ್ನು ಟ್ರೇಲರಿನ ಮೇಲೆ ಹಿಂದಕ್ಕೆ ಸರಿಸಿ, ಒಟ್ಟು ಗುರುತ್ವಕೇಂದ್ರವು ಅಚ್ಚಿನ ಮುಂದೆ 36 ಸೆಂಟಿಮೀಟರಿಗೆ ಬರುವಂತೆ ಮಾಡಿದೆವು. ಇಲ್ಲೊಂದು ಎಚ್ಚರಿಕೆ ಬೇಕು: ಜನರೇಟರಿನ ನಡುಮಧ್ಯವೇ ಅದರ ಗುರುತ್ವಕೇಂದ್ರವಲ್ಲ. ಎಂಜಿನ್ನಿನ ಕಡೆ ಭಾರ ಹೆಚ್ಚು; ಕಣ್ಣಳತೆಗೆ ನಡುವೆ ಕುಳಿತಂತೆ ಕಂಡ ಯಂತ್ರ ವಾಸ್ತವವಾಗಿ ಬಹಳ ಮುಂದಕ್ಕೆ ವಾಲಿತ್ತು.

ಈಗ ಮೂಕಿಭಾರ 240 ಕಿಲೋಗ್ರಾಂ. ಅದು ಮುಂದಿನ ಅಚ್ಚಿನಿಂದ 80 ಕಿಲೋಗ್ರಾಮನ್ನು ಕಳೆದರೆ, ಮುಂದಕ್ಕೆ ಸರಿದ ಸಾಮಾನು 200ನ್ನು ಕೂಡಿಸುತ್ತದೆ. ಮುಂದೆ 1,620, ಹಿಂದೆ 2,220, ಟ್ರೇಲರಿನ ಅಚ್ಚಿನ ಮೇಲೆ 1,760. ಒಟ್ಟು ಮತ್ತೆ ಅದೇ 5,600. ಒಂದು ಕಿಲೋಗ್ರಾಮನ್ನೂ ಇಳಿಸಲಿಲ್ಲ. ಆದರೆ ಮುಂದಿನ ಚಕ್ರಗಳಿಗೆ 420 ಕಿಲೋಗ್ರಾಂ ಮರಳಿ ಬಂದಿತು.

ಈ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು. ವೇಬ್ರಿಡ್ಜಿನಲ್ಲಿ ಮೂರು ಸಲ ತೂಗಿಸಬೇಕು: ಮೊದಲು ಲಾರಿಯ ಮುಂದಿನ ಚಕ್ರಗಳು ಮಾತ್ರ ಹಲಗೆಯ ಮೇಲಿರುವಂತೆ, ಅನಂತರ, ಟ್ರೇಲರನ್ನು ಬಿಚ್ಚದೆ, ಲಾರಿಯ ನಾಲ್ಕು ಕಡೆಯ ಚಕ್ರಗಳೂ ಇರುವಂತೆ, ಕೊನೆಗೆ ಟ್ರೇಲರಿನ ಚಕ್ರಗಳು ಮಾತ್ರ ಇರುವಂತೆ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಹಿಂದಿನ ಅಚ್ಚಿನ ಭಾರ ಸಿಗುತ್ತದೆ. ಟ್ರೇಲರನ್ನು ಬಿಚ್ಚಿ ಲಾರಿಯನ್ನು ಇನ್ನೊಮ್ಮೆ ತೂಗಿದರೆ, ಎರಡು ತೂಕಗಳ ವ್ಯತ್ಯಾಸವೇ ಮೂಕಿಭಾರ. ನೆಲ ಮಟ್ಟಸವಾಗಿರಬೇಕೆಂಬುದನ್ನು ಮಾತ್ರ ಮರೆಯಬಾರದು.

ಮೂಕಿಭಾರ ಬೇಡವೇ ಬೇಡವೇ?

ಮೂಕಿಭಾರವೇ ಕೇಡಿನ ಮೂಲವಾದರೆ ಅದನ್ನು ಪೂರ್ತಿಯಾಗಿ ತೆಗೆದುಹಾಕಬಾರದೇಕೆಂದು ಕೆಲವರು ಕೇಳಬಹುದು. ಹಾಗೆ ಮಾಡಿದರೆ ಇನ್ನೊಂದು ಕೇಡು, ಮೊದಲಿನದಕ್ಕಿಂತ ಘೋರವಾದುದು, ಬಂದು ಸೇರುತ್ತದೆ. ಹಿಂಭಾರದ ಟ್ರೇಲರು ವೇಗ ಹೆಚ್ಚಿದಂತೆ ಹಾವಿನಂತೆ ಅತ್ತಿತ್ತ ಹೊರಳಾಡತೊಡಗುತ್ತದೆ.

ಕೊಂಡಿಗೆ ಸಿಕ್ಕಿದ ಟ್ರೇಲರು ನೆಲಕ್ಕೆ ಸಮಾನಾಂತರವಾಗಿ ಆಡುವ ಒಂದು ಲೋಲಕ. ಗಾಳಿಯ ಹೊಡೆತದಿಂದಲೋ ರಸ್ತೆಯ ಗುಂಡಿಯಿಂದಲೋ ಅದು ಪಕ್ಕಕ್ಕೆ ಸರಿದರೆ ಟೈರುಗಳು ಅದನ್ನು ಮತ್ತೆ ಸಾಲಿಗೆ ಎಳೆಯುತ್ತವೆ. ಭಾರ ಅಚ್ಚಿನ ಮುಂದಿದ್ದರೆ ಈ ಆಟ ಬೇಗನೆ ಅಡಗುತ್ತದೆ. ಭಾರ ಅಚ್ಚಿನ ಹಿಂದಿದ್ದರೆ ಬಾಲ ದೊಣ್ಣೆಯಂತೆ ಬೀಸಿ, ಕೊಂಡಿಯ ಮೂಲಕ ಲಾರಿಯ ಹಿಂಭಾಗವನ್ನೇ ಎದುರು ದಿಕ್ಕಿಗೆ ತಳ್ಳುತ್ತದೆ. ಟೈರುಗಳು ಈ ತೂಗಾಟವನ್ನು ಅಡಗಿಸುವ ಸಾಮರ್ಥ್ಯ ವೇಗ ಹೆಚ್ಚಿದಷ್ಟೂ ಕುಗ್ಗುತ್ತದೆ. ಒಂದು ವೇಗವನ್ನು ದಾಟಿದೊಡನೆ ಪ್ರತಿಯೊಂದು ಬೀಸೂ ಹಿಂದಿನದಕ್ಕಿಂತ ದೊಡ್ಡದಾಗಿ, ಕೊನೆಗೆ ಟ್ರೇಲರು ಲಾರಿಯನ್ನು ಉರುಳಿಸಬಹುದು. ಆಗ ಗಾಬರಿಯಿಂದ ಸ್ಟಿಯರಿಂಗನ್ನು ಅತ್ತಿತ್ತ ತಿರುಗಿಸುವುದು ಉಯ್ಯಾಲೆಯನ್ನು ತೂಗಿದಂತೆಯೇ ಸರಿ. ಸ್ಟಿಯರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲನ್ನು ತೆಗೆದು, ವೇಗ ತಾನಾಗಿ ಇಳಿಯಲು ಬಿಡುವುದೇ ಕ್ಷೇಮ.

ಭಾರವನ್ನು ಟ್ರೇಲರಿನ ಎರಡು ತುದಿಗಳಲ್ಲಿ ಹಂಚಿಟ್ಟು ಸರಾಸರಿಯನ್ನು ಸರಿಮಾಡಿಕೊಳ್ಳುವುದೂ ಒಳ್ಳೆಯದಲ್ಲ. ಅಡ್ಡೆಯ ಎರಡು ತುದಿಗಳಲ್ಲಿ ಕೊಡಗಳನ್ನು ಹೊತ್ತವನು ಥಟ್ಟನೆ ತಿರುಗಲಾರ. ತಿರುಗಿದರೆ ಥಟ್ಟನೆ ನಿಲ್ಲಲಾರ. ತುದಿಗಳಲ್ಲಿ ಭಾರವಿರುವ ಟ್ರೇಲರಿನ ಪಾಡೂ ಅದೇ. ಆದುದರಿಂದ ಭಾರವಾದ ವಸ್ತುಗಳನ್ನು ಅಚ್ಚಿನ ಹತ್ತಿರ, ಅದಕ್ಕಿಂತ ತುಸು ಮುಂದೆ, ಆದಷ್ಟು ತಗ್ಗಿನಲ್ಲಿ ಇಡಬೇಕು. ಎರಡು ಚಕ್ರದ ಟ್ರೇಲರುಗಳಿಗೆ ಮೂಕಿಭಾರವು ಟ್ರೇಲರಿನ ಒಟ್ಟು ತೂಕದಲ್ಲಿ ಸುಮಾರು ನೂರಕ್ಕೆ 10ರಿಂದ 15 ಇರಬೇಕೆಂಬುದು ಸಾಮಾನ್ಯ ನಿಯಮ. ನಾವು ಆರಿಸಿಕೊಂಡ 240 ಕಿಲೋಗ್ರಾಂ ನೂರಕ್ಕೆ 12 ಆಗುತ್ತದೆ. ಕೊಂಡಿ ತಡೆಯಬಲ್ಲ ಭಾರವನ್ನು ವಾಹನದ ತಯಾರಕರು ಗೊತ್ತುಮಾಡಿದ್ದರೆ ಅದನ್ನೂ ಮೀರಬಾರದು.

ದೊಡ್ಡ ಸರಕು ಲಾರಿಗಳಲ್ಲಿ ಎಂಜಿನಿಯರುಗಳು ಈ ತೊಡಕನ್ನು ಬೇರೊಂದು ವಿಧದಲ್ಲಿ ಬಿಡಿಸಿದ್ದಾರೆ. ಉದ್ದನೆಯ ಟ್ರೇಲರಿನ ಮುಂತುದಿ ಬಾಲಕ್ಕೆ ಸಿಕ್ಕಿರುವುದಿಲ್ಲ. ಎಳೆಯುವ ವಾಹನದ ಬೆನ್ನಿನ ಮೇಲೆ, ಹಿಂದಿನ ಅಚ್ಚಿಗಿಂತ ತುಸು ಮುಂದಕ್ಕೆ, ಕುಳಿತಿರುತ್ತದೆ. ಆಗ ಟ್ರೇಲರಿನ ಭಾರವು ಮುಂದಿನ ಚಕ್ರಗಳನ್ನು ಎತ್ತುವ ಬದಲು ಒತ್ತುತ್ತದೆ. ಕೊಂಡಿಯನ್ನು ಒಂದು ಮೀಟರ್ ಮುಂದಕ್ಕೆ ತಂದುದರಿಂದ ದೋಷವೇ ಗುಣವಾಯಿತು.

ಹೊರೆಯೇ ಓಡಾಡಿದಾಗ

ಜನರೇಟರು ಇಟ್ಟಲ್ಲಿ ಇರುತ್ತದೆ. ಆದರೆ ನಮ್ಮ ಭಾಗದಲ್ಲಿ ಬೇಸಿಗೆಯ ಹೊತ್ತಿಗೆ ಬೀದಿಬೀದಿಯಲ್ಲೂ ಕಾಣಿಸುವ, ಟ್ರ್ಯಾಕ್ಟರ್ ಎಳೆಯುವ ನೀರಿನ ಟ್ಯಾಂಕರಿನಲ್ಲಿ ಹೊರೆಯೇ ಜಾಗ ಬದಲಿಸುತ್ತದೆ. 2024ರ ಬೇಸಿಗೆಯ ನೀರಿನ ಅಭಾವದಲ್ಲಿ ಬೆಂಗಳೂರಿನ ಎಷ್ಟೋ ಮನೆಗಳು ಇವನ್ನೇ ನೆಚ್ಚಿಕೊಂಡಿದ್ದುದು ವಾಚಕರಿಗೆ ನೆನಪಿರಬಹುದು.

3 ಮೀಟರ್ ಉದ್ದ, 1.4 ಮೀಟರ್ ಅಗಲ, 1.2 ಮೀಟರ್ ಎತ್ತರದ ಚೌಕಾಕಾರದ ತೊಟ್ಟಿಯೊಂದರಲ್ಲಿ ಅರ್ಧದಷ್ಟು ನೀರಿದೆಯೆನ್ನೋಣ. ಸುಮಾರು 2,500 ಕಿಲೋಗ್ರಾಂ. ಹತ್ತು ಮೀಟರಿಗೆ ಒಂದು ಮೀಟರ್ ಏರುವ ದಾರಿಯಲ್ಲಿ ತೊಟ್ಟಿ ಓರೆಯಾಗುತ್ತದೆ. ನೀರಿನ ಮೇಲ್ಮೈ ಮಾತ್ರ ಮಟ್ಟಸವಾಗಿಯೇ ಉಳಿಯುತ್ತದೆ. ಎಂದರೆ ನೀರು ಹಿಂದಕ್ಕೆ ಸರಿದು ರಾಶಿಯಾಗುತ್ತದೆ. ಲೆಕ್ಕಮಾಡಿದರೆ ಅದರ ಗುರುತ್ವಕೇಂದ್ರ ಹನ್ನೆರಡೂವರೆ ಸೆಂಟಿಮೀಟರ್ ಹಿಂದೆ ಸರಿಯುವುದು ಕಂಡುಬರುತ್ತದೆ. ಅಚ್ಚಿನಿಂದ ಕೊಂಡಿಗೆ 3 ಮೀಟರ್ ಇದ್ದರೆ ಮೂಕಿಭಾರದಲ್ಲಿ ನೂರು ಕಿಲೋಗ್ರಾಮಿಗೂ ಮೀರಿದ ಇಳಿತ. ತೊಟ್ಟಿಯ ನೀರು ಕೊಂಡಿಗಿಂತ ಎತ್ತರದಲ್ಲಿರುವುದರಿಂದ ಏರಿನಲ್ಲಿ ಇನ್ನೂ ಸುಮಾರು 60 ಕಿಲೋಗ್ರಾಂ ಇಳಿಯುತ್ತದೆ. ಮಟ್ಟಸ ನೆಲದ ಮೇಲೆ ನೀರಿನ ಪಾಲಿನ ಮೂಕಿಭಾರ 250 ಇದ್ದುದು ಏರಿನಲ್ಲಿ 90ರ ಹತ್ತಿರಕ್ಕೆ ಬಂದಂತಾಯಿತು. ಅದೇ ಏರಿನಲ್ಲಿ ಚಾಲಕನು ಜಗ್ಗಿ ಹೊರಟರೆ ನೀರು ಇನ್ನಷ್ಟು ಹಿಂದಕ್ಕೆ ನುಗ್ಗಿ, ಮೂಕಿಯನ್ನು ಒತ್ತುವ ಬದಲು ಎತ್ತಲು ತೊಡಗಬಹುದು. ಟ್ರ್ಯಾಕ್ಟರಿನ ದೊಡ್ಡ ಚಕ್ರಗಳು ಹಿಡಿತ ಬೇಕಾದ ಕ್ಷಣದಲ್ಲಿಯೇ ಅದನ್ನು ಕಳೆದುಕೊಳ್ಳುತ್ತವೆ.

ಇಳಿಜಾರಿನಲ್ಲಿ ಬ್ರೇಕ್ ಹಾಕಿದಾಗ ಇದರ ವಿಪರ್ಯಾಸ. ನೀರೆಲ್ಲ ಮುಂದಕ್ಕೆ ನುಗ್ಗಿ ಕೊಂಡಿಯನ್ನು ಒತ್ತುತ್ತದೆ. ಟ್ರ್ಯಾಕ್ಟರಿನ ಸಣ್ಣ ಮುಂಚಕ್ರಗಳನ್ನು ಹಗುರಮಾಡಲು ನೋಡುತ್ತದೆ. ದಿಕ್ಕು ತಪ್ಪಬಾರದ ಸಮಯದಲ್ಲಿ ದಿಕ್ಕು ತೋರಿಸುವ ಚಕ್ರಗಳ ಶಕ್ತಿ ಕುಗ್ಗುತ್ತದೆ.

ಇದಕ್ಕೆ ಉಪಾಯವೆಂದರೆ ತೊಟ್ಟಿಯನ್ನು ಅಡ್ಡಗೋಡೆಗಳಿಂದ ಕೋಣೆಗಳಾಗಿ ವಿಂಗಡಿಸುವುದು. ನೀರಿನ ಗುರುತ್ವಕೇಂದ್ರದ ಸರಿತವು ಕೋಣೆಯ ಉದ್ದದ ವರ್ಗವನ್ನು ಅನುಸರಿಸುತ್ತದೆ. ಒಂದು ಉದ್ದನೆಯ ಕೋಣೆಯ ಬದಲು ಮೂರು ಮುಚ್ಚಿದ ಕೋಣೆಗಳಿದ್ದರೆ ಸರಿತ ಮೂರನೆಯ ಒಂದು ಪಾಲಲ್ಲ, ಒಂಬತ್ತನೆಯ ಒಂದು ಪಾಲಾಗುತ್ತದೆ. ತೂತುಗಳಿರುವ ಅಡ್ಡತಗಡುಗಳಾದರೆ ಉದ್ದನೆಯ ಏರಿನಲ್ಲಿ ನೀರು ನಿಧಾನವಾಗಿ ಹಿಂದೆ ಸೇರುವುದನ್ನು ತಡೆಯಲಾರವು; ಆದರೆ ಜಗ್ಗಿದಾಗ, ಬ್ರೇಕ್ ಹಾಕಿದಾಗ ನುಗ್ಗುವುದನ್ನು ತಡೆಯುತ್ತವೆ. ಅಡ್ಡತಗಡಿಲ್ಲದ ಟ್ಯಾಂಕರು ತುಂಬಿರುವಾಗಿಗಿಂತ ಅರ್ಧ ತುಂಬಿರುವಾಗ ಹೆಚ್ಚು ಚಂಚಲವೆಂಬುದು ಇದರಿಂದ ತಿಳಿಯುತ್ತದೆ. ಅರ್ಧ ನೀರನ್ನು ಒಂದು ಮನೆಗೆ ಬಿಟ್ಟು ಉಳಿದರ್ಧದೊಡನೆ ವೇಗವಾಗಿ ಹೊರಡುವ ಚಾಲಕನು ತನ್ನ ಹೊರೆ ಹಗುರವಾಯಿತೆಂದು ಭಾವಿಸುವುದು ಸಹಜ. ಆದರೆ ಅವನ ಎಚ್ಚರ ಹೆಚ್ಚಬೇಕಾದುದು ಆಗಲೇ.

ರಸ್ತೆಯ ಪಾಲು

ಅಚ್ಚಿನ ಭಾರದ ಪ್ರಶ್ನೆ ಚಾಲಕನಿಗೆ ಮಾತ್ರ ಸಂಬಂಧಪಟ್ಟುದಲ್ಲ. ರಸ್ತೆಗೆ ಲಾರಿಯ ಒಟ್ಟು ತೂಕ ತಿಳಿಯದು. ಅದರ ಮೇಲೆ ಹಾದುಹೋಗುವ ಒಂದೊಂದು ಅಚ್ಚಿನ ಭಾರ ಮಾತ್ರ ತಿಳಿಯುತ್ತದೆ. ಅಮೆರಿಕದ ಇಲಿನಾಯ್ ಸಂಸ್ಥಾನದ ಒಟ್ಟಾವ ಎಂಬ ಊರಿನ ಬಳಿ 1958ರಿಂದ 1960ರವರೆಗೆ ವಿಶೇಷವಾಗಿ ಕಟ್ಟಿದ ರಸ್ತೆಗಳ ಮೇಲೆ ಲಾರಿಗಳನ್ನು ಸತತವಾಗಿ ಓಡಿಸಿ ಪರೀಕ್ಷೆಗಳನ್ನು ನಡೆಸಿದರು. ರಸ್ತೆಗಾಗುವ ಹಾನಿ ಅಚ್ಚಿನ ಭಾರದ ಸುಮಾರು ನಾಲ್ಕನೆಯ ಘಾತವನ್ನು ಅನುಸರಿಸುತ್ತದೆಂಬ ಸ್ಥೂಲ ನಿಯಮ ಆ ಪರೀಕ್ಷೆಗಳಿಂದ ಬಂದುದು. ಅಚ್ಚಿನ ಭಾರ ಎರಡುಪಟ್ಟಾದರೆ ಹಾನಿ ಹದಿನಾರುಪಟ್ಟು. ನೂರಕ್ಕೆ 10 ಹೆಚ್ಚಾದರೆ ಹಾನಿ ನೂರಕ್ಕೆ ಸುಮಾರು 46 ಹೆಚ್ಚು. ಆದುದರಿಂದಲೇ ಕಾನೂನು ಅಚ್ಚುಗಳಿಗೂ ಪ್ರತ್ಯೇಕವಾದ ಮಿತಿಗಳನ್ನು ವಿಧಿಸುತ್ತದೆ. ನಮ್ಮ ದೇಶದಲ್ಲಿ 2018ರ ಜುಲೈಯಲ್ಲಿ, ನಾಲ್ಕು ಟೈರುಗಳ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೂ, ಎಂಟು ಟೈರುಗಳ ಜೋಡಿ ಅಚ್ಚಿನ ಮಿತಿಯನ್ನು 19ರಿಂದ 21 ಟನ್ನಿಗೂ ಏರಿಸಲಾಯಿತು.

ಅಚ್ಚುಗಳನ್ನು ಹೆಚ್ಚಿಸಿದರೆ ಎಂತಹ ಹೊರೆಯನ್ನಾದರೂ ಸಾಗಿಸಬಹುದೆಂಬುದಕ್ಕೆ ಬೆಂಗಳೂರೇ ಸಾಕ್ಷಿ. ತಮಿಳುನಾಡಿನ ವಂದವಾಸಿಯ ಬಳಿಯಿಂದ 2018ರ ಡಿಸೆಂಬರಿನಲ್ಲಿ ಹೊರಟ, ಮುನ್ನೂರು ಟನ್ನಿಗೂ ಮೀರಿದ ಕೋದಂಡರಾಮನ ವಿಶ್ವರೂಪದ ಏಕಶಿಲಾ ವಿಗ್ರಹವು 240 ಚಕ್ರಗಳ ವಾಹನದ ಮೇಲೆ ಪಯಣಿಸಿ 2019ರಲ್ಲಿ ಈಜಿಪುರವನ್ನು ಸೇರಿತು. ಕಲ್ಲಿನ ಭಾರವನ್ನು 240ರಿಂದ ಭಾಗಿಸಿದರೆ ಒಂದೊಂದು ಚಕ್ರಕ್ಕೆ ಒಂದೂಕಾಲು ಟನ್ನಿಗೆ ಸ್ವಲ್ಪ ಮೇಲೆ. ಆದರೆ ಈ ಭಾಗಾಕಾರ ಕಾಗದದ ಮೇಲೆ ಸುಲಭ, ರಸ್ತೆಯ ಮೇಲೆ ಕಷ್ಟ. ನೆಲ ಉಬ್ಬಿದಲ್ಲಿ ಒಂದು ಚಕ್ರ ನೆರೆಯ ಚಕ್ರಗಳ ಪಾಲನ್ನೂ ಹೊತ್ತುಬಿಡುತ್ತದೆ. ಇಂತಹ ಟ್ರೇಲರುಗಳಲ್ಲಿ ಚಕ್ರಗಳ ಮೇಲೆ ಎಣ್ಣೆ ತುಂಬಿದ ಉರುಳೆಗಳಿದ್ದು, ಒಂದು ಗುಂಪಿನ ಉರುಳೆಗಳನ್ನೆಲ್ಲ ಕೊಳವೆಗಳಿಂದ ಕೂಡಿಸಿರುತ್ತಾರೆ. ಪಾಸ್ಕಲನ ನಿಯಮದಂತೆ ಎಣ್ಣೆಯ ಒತ್ತಡ ಎಲ್ಲೆಡೆಯೂ ಸಮನಾಗುವುದರಿಂದ, ಉಬ್ಬಿನ ಮೇಲಿನ ಚಕ್ರ ಮೇಲೆದ್ದರೂ ಹೆಚ್ಚು ಭಾರವನ್ನು ಹೊರುವುದಿಲ್ಲ. ಸಾಮಾನ್ಯವಾಗಿ ಇಂತಹ ಗುಂಪುಗಳು ಮೂರೋ ನಾಲ್ಕೋ ಇರುತ್ತವೆ. ಮೂರಾದರೆ, ಎಷ್ಟು ಚಕ್ರಗಳಿದ್ದರೂ ಹೊರೆ ನಿಂತಿರುವುದು ಒಂದು ಮುಕ್ಕಾಲಿಯ ಮೇಲೆ. ಮುಕ್ಕಾಲಿ ಎಂತಹ ನೆಲದ ಮೇಲೂ ಕುಂಟುವುದಿಲ್ಲವಷ್ಟೆ.

ನಮ್ಮ ಯಲಹಂಕದಲ್ಲಿಯೇ, 1984ರಲ್ಲಿ ಆರಂಭವಾದ ರೈಲ್ವೆಯ ಕಾರ್ಖಾನೆಯೊಂದು ರೈಲಿನ ಗಾಲಿಗಳನ್ನೂ ಅಚ್ಚುಗಳನ್ನೂ ತಯಾರಿಸುತ್ತದೆ. ಹಳಿಯ ಮೇಲಾಗಲಿ, ರಸ್ತೆಯ ಮೇಲಾಗಲಿ, ಬಂಡಿಯ ಜಾಡಿನಲ್ಲಾಗಲಿ ಕಡೆಗೆ ಕೇಳಬೇಕಾದ ಪ್ರಶ್ನೆ ಒಂದೇ: ಈ ಅಚ್ಚಿನ ಪಾಲಿಗೆ ಬಂದುದೆಷ್ಟು?

ನಮ್ಮ ನೆರೆಯವರು ಮರುದಿನವೇ ಲಾರಿಯನ್ನು ವೇಬ್ರಿಡ್ಜಿಗೆ ಒಯ್ದು ಮೂರು ಚೀಟಿಗಳನ್ನು ತಂದರು. ಅಂಕಿಗಳು ನಮ್ಮ ಲೆಕ್ಕದ ಹತ್ತಿರಕ್ಕೇ ಬಂದಿದ್ದವು. ಅನಂತರ ಅವರು ಮಾಡಿದ ಕೆಲಸ ನಮಗೆ ಹೊಳೆದಿರಲಿಲ್ಲ. ಜನರೇಟರಿನ ಕಾಲುಗಳು ಎಲ್ಲಿ ಕೂರಬೇಕೋ ಅಲ್ಲಿ ಟ್ರೇಲರಿನ ಹಲಗೆಯ ಮೇಲೆ ಕೆಂಪು ಬಣ್ಣದಿಂದ ಗೆರೆ ಎಳೆದರು. ಎಂಜಿನ್ನಿನ ಕಡೆ ಯಾವುದೆಂದು ಬಾಣವನ್ನೂ ಬರೆದರು. ರಾತ್ರಿಯ ಆತುರದಲ್ಲಿ ಹೇರುವ ಹುಡುಗರಿಗೆ ಗುರುತ್ವಕೇಂದ್ರವನ್ನು ವಿವರಿಸಬೇಕಾಗಿಲ್ಲ. ಗೆರೆಯ ಮೇಲೆ ಇಟ್ಟರೆ ಸಾಕು. ಅವರ ಮಗ ಈಗಲೂ ರಾತ್ರಿಯ ಹೊತ್ತೇ ಲಾರಿಯನ್ನು ಓಡಿಸುತ್ತಾನೆ. ಹೊರಡುವ ಮುನ್ನ ಟಾರ್ಚನ್ನು ಹಾಕಿ ಆ ಗೆರೆಯನ್ನೊಮ್ಮೆ ನೋಡಿಕೊಳ್ಳುತ್ತಾನೆ.